ಹೊಸ ಗಣಕ, ಹಳೆಯ ಕನ್ನಡ

ಬೆಂಗಳೂರಿನ ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ, ಒಂದಾನೊಂದು ಕಾಲಕ್ಕೆ ಮೊಳೆ ಜೋಡಿಸುವವರ ಬೆರಳುಗಳ ಚಲನೆಯಿಂದಲೂ ಟ್ರೆಡಲ್ ಯಂತ್ರದ ತಾಳಗತಿಯಿಂದಲೂ ತುಂಬಿರುತ್ತಿದ್ದು, ಈಗ ನಾಲ್ಕು ಗಣಕಗಳ ಮೌನದಲ್ಲಿ ಕೆಲಸ ಸಾಗಿಸುತ್ತಿರುವ ಒಂದು ಮುದ್ರಣಾಲಯವುಂಟು. ಅದರ ಒಳಕೋಣೆಯಲ್ಲಿ, ಹಾಳೆಯ ರೀಮುಗಳ ಮರೆಯಲ್ಲಿ, ಐದನೆಯದೊಂದು ಗಣಕ ಬಟ್ಟೆ ಹೊದ್ದು ಕುಳಿತಿದೆ. ಅದರ ಬಿಳಿಯ ಮೈ ವಯಸ್ಸಿನಿಂದ ಹಳದಿಗೆ ತಿರುಗಿದೆ. ಪರದೆ ಈಗಿನ ಪರದೆಗಳಂತೆ ತೆಳುವಾದುದಲ್ಲ, ಹಳೆಯ ಟಿ.ವಿ. ಪೆಟ್ಟಿಗೆಯಂತೆ ಹಿಂದಕ್ಕೆ ಚಾಚಿಕೊಂಡಿರುವಂಥದು. ಅಂತರ್ಜಾಲದ ತಂತಿಯನ್ನು ಅದಕ್ಕೆ ಬೇಕೆಂದೇ ಜೋಡಿಸಿಲ್ಲ. ಅದರಲ್ಲಿರುವುದು ವಿಂಡೋಸ್ ಎಕ್ಸ್‌ಪಿ. 2001ರ ಅಕ್ಟೋಬರಿನಲ್ಲಿ ಹೊರಬಂದು, 2014ರ ಏಪ್ರಿಲ್ 8ರಂದು ತನ್ನ ತಯಾರಕರ ಪೋಷಣೆಯನ್ನು ಕಳೆದುಕೊಂಡ ಕಾರ್ಯಾಚರಣ ವ್ಯವಸ್ಥೆ. ಮುದ್ರಣಾಲಯದವರು ಆ ಗಣಕವನ್ನು ಮಾರಿಯೂ ಇಲ್ಲ, ಎಸೆದೂ ಇಲ್ಲ; ಏಕೆಂದರೆ ಆ ಕಟ್ಟಡದಲ್ಲಿ ಇಪ್ಪತ್ತು ವರ್ಷಗಳ ಹಿಂದಿನ ಕನ್ನಡವನ್ನು ಓದಬಲ್ಲುದು ಅದೊಂದೇ.

ನಾನು ಅಲ್ಲಿಗೆ ಹೋದದ್ದು ಒಂದು ಸಿ.ಡಿ.ಯನ್ನು ಕೈಯಲ್ಲಿ ಹಿಡಿದು. ನನಗೆ ಹಳಗನ್ನಡದ ರುಚಿ ಹತ್ತಿಸಿದ ಗುರುಗಳೊಬ್ಬರ ಪ್ರಬಂಧಗಳನ್ನು 1999ರಲ್ಲಿ ಶಿಷ್ಯರೆಲ್ಲ ಕೂಡಿ ಪುಸ್ತಕರೂಪದಲ್ಲಿ ಅಚ್ಚು ಹಾಕಿಸಿದ್ದೆವು. ಪ್ರತಿಗಳು ಮುಗಿದು ಬಹುಕಾಲವಾಗಿತ್ತು, ಗುರುಗಳೂ ಈಗಿಲ್ಲ, ಎರಡನೆಯ ಮುದ್ರಣವನ್ನು ಹೊರತರಬೇಕೆಂಬ ಸಂಕಲ್ಪ ಮಾಡಿದಾಗ, ಮೊದಲ ಮುದ್ರಣದ ಪುಟಗಳೆಲ್ಲ ಇದ್ದ ಸಿ.ಡಿ. ನನ್ನ ಬೀರುವಿನಲ್ಲಿ ಕ್ಷೇಮವಾಗಿದೆಯೆಂಬ ಧೈರ್ಯವೊಂದಿತ್ತು. ಎರವಲು ತಂದ ಡ್ರೈವಿಗೆ ಅದನ್ನು ಹಾಕಿದಾಗ ಕಡತಗಳೆಲ್ಲ ತಮ್ಮ ತಮ್ಮ ಹೆಸರು, ದಿನಾಂಕ, ಗಾತ್ರಗಳೊಡನೆ ಸಾಲಾಗಿ ಕಾಣಿಸಿಕೊಂಡವು. ಆದರೆ ಒಂದನ್ನಾದರೂ ತೆರೆಯಲಾಗಲಿಲ್ಲ. ಅವನ್ನು ಸಿದ್ಧಪಡಿಸಿದ ಅಕ್ಷರ ತಂತ್ರಾಂಶದ ಮೂಲ ಸಿ.ಡಿ.ಯನ್ನು ಹುಡುಕಿ ತಂದು ಹೊಸ ಗಣಕದಲ್ಲಿ ನೆಲೆಗೊಳಿಸಲು ಹೊರಟರೆ, ಇದು ಈ ಗಣಕದಲ್ಲಿ ನಡೆಯಲಾರದು ಎಂಬರ್ಥದ ಒಂದೇ ವಾಕ್ಯವನ್ನು ತೋರಿಸಿ ಅದು ಸುಮ್ಮನಾಯಿತು. ಬೇರೊಂದು ತಂತ್ರಾಂಶದಿಂದ ಹೇಗೋ ಒಳಹೊಕ್ಕು ನೋಡಿದಾಗ ಕಂಡದ್ದು ರೋಮನ್ ಅಕ್ಷರಗಳು, ಫ್ರೆಂಚರ ಸ್ವರಚಿಹ್ನೆಗಳು, ಪರದೇಶದ ನಾಣ್ಯಗಳ ಗುರುತುಗಳು ಎಲ್ಲವೂ ಕಲಸಿಹೋದ ಒಂದು ರಾಶಿ. ಗುರುಗಳ ಮಾತು ಅದರೊಳಗೆ ಇತ್ತು, ಒಂದಕ್ಷರವೂ ಕಳೆದಿರಲಿಲ್ಲ, ಆದರೂ ಓದಲು ಒಂದಕ್ಷರವೂ ಇರಲಿಲ್ಲ. ಆ ಸಂಜೆ ನನಗಾದ ದುಃಖವನ್ನು ಯಂತ್ರದ ತೊಡಕೆಂದು ಬದಿಗೊತ್ತುವುದು ಸಾಧ್ಯವಾಗಲಿಲ್ಲ.

ಇದು ನನ್ನೊಬ್ಬನ ಅನುಭವವಾಗಿದ್ದರೆ ಬರೆಯಬೇಕಾದ ಅಗತ್ಯವಿರಲಿಲ್ಲ. 1980ರ ದಶಕದ ಕೊನೆಯಿಂದ ಮೊದಲ್ಗೊಂಡು ಸುಮಾರು ಕಾಲು ಶತಮಾನದ ಅವಧಿಯಲ್ಲಿ ಗಣಕದ ಮೂಲಕ ಅಚ್ಚಿಗೆ ಹೋದ ಕನ್ನಡದ ಬಹುಭಾಗ, ವಾರಪತ್ರಿಕೆಯ ಪುಟಗಳಿಂದ ಹಿಡಿದು ಪಿಎಚ್.ಡಿ. ಮಹಾಪ್ರಬಂಧಗಳವರೆಗೆ, ಕಚೇರಿಯ ಸುತ್ತೋಲೆಯಿಂದ ಹಿಡಿದು ಲಗ್ನಪತ್ರಿಕೆಯವರೆಗೆ, ಇದೇ ಅವಸ್ಥೆಯಲ್ಲಿದೆ. ಹಳೆಯ ತಂತ್ರಾಂಶ ಹೊಸ ವ್ಯವಸ್ಥೆಯಲ್ಲಿ ನಡೆಯದಿರುವುದು ಲೋಕದ ಎಲ್ಲ ಭಾಷೆಯವರಿಗೂ ಒದಗಿದ ತೊಂದರೆಯೇ ಸರಿ. ಆದರೆ ತಂತ್ರಾಂಶ ನಿಂತುಹೋದಾಗ ಇಂಗ್ಲಿಷಿನಲ್ಲಿ ಬರೆದವನು ಕಳೆದುಕೊಳ್ಳುವುದು ಒಂದು ಉಪಕರಣವನ್ನು. ಕನ್ನಡದಲ್ಲಿ ಬರೆದವನು ಕಳೆದುಕೊಂಡದ್ದು ಅಕ್ಷರವನ್ನೇ. ಈ ವ್ಯತ್ಯಾಸ ಹೇಗೆ ಹುಟ್ಟಿತು, ಅದನ್ನು ನೀಗಿಸಲು ನಮ್ಮ ಡಿಟಿಪಿ ಅಂಗಡಿಗಳ ಅನಾಮಿಕ ಕೆಲಸಗಾರರು ಏನೇನು ಪಾಡುಪಟ್ಟರು ಎಂಬುದು ನಮ್ಮ ಲಿಪಿಯ ಚರಿತ್ರೆಯಲ್ಲಿ ಸೇರಬೇಕಾದ ಅಧ್ಯಾಯವೆಂದು ನಾನು ನಂಬಿದ್ದೇನೆ.

ಕಾರ್ಯಾಚರಣ ವ್ಯವಸ್ಥೆಯೆಂದರೇನೆಂಬುದನ್ನು ಹಳ್ಳಿಯ ಕೆರೆಯ ದೃಷ್ಟಾಂತದಿಂದ ವಿವರಿಸಬಹುದು. ಕೆರೆಯ ನೀರು ಊರಿನ ಎಲ್ಲ ಗದ್ದೆಗಳಿಗೂ ಬೇಕು. ಆದರೆ ಗದ್ದೆಯವನು ತಾನೇ ಹೋಗಿ ತೂಬನ್ನು ಎತ್ತುವಂತಿಲ್ಲ. ಅದಕ್ಕೊಬ್ಬ ನೀರುಗಂಟಿ ಇರುತ್ತಾನೆ. ಗಣಕದ ಪರದೆ, ಸ್ಮೃತಿ, ಕೀಲಿಮಣೆ, ಮುದ್ರಕ ಇವೆಲ್ಲ ಕೆರೆಯ ನೀರಿನಂತೆ; ತಂತ್ರಾಂಶಗಳು ಗದ್ದೆಗಳಂತೆ; ನಡುವಣ ನೀರುಗಂಟಿಯೇ ಕಾರ್ಯಾಚರಣ ವ್ಯವಸ್ಥೆ. 1981ರಲ್ಲಿ ಐಬಿಎಂ ಸಂಸ್ಥೆಯ ವೈಯಕ್ತಿಕ ಗಣಕದೊಡನೆ ಬಂದ ಡಾಸ್ ಎಂಬ ವ್ಯವಸ್ಥೆಯಲ್ಲಿ ಈ ನೀರುಗಂಟಿ ಬಹಳ ಉದಾರಿ, ಅಥವಾ ಬಹಳ ಅಶಕ್ತ. ಯಾವ ತಂತ್ರಾಂಶ ಬೇಕಾದರೂ ಅವನನ್ನು ಕೇಳದೆಯೇ ತೂಬಿಗೆ ಕೈಹಾಕಬಹುದಿತ್ತು. ಪರದೆಯ ಸ್ಮೃತಿಯಲ್ಲಿ ನೇರವಾಗಿ ಬರೆಯಬಹುದಿತ್ತು. ಮುದ್ರಕದ ದ್ವಾರಕ್ಕೆ ನೇರವಾಗಿ ಸಂಕೇತ ಕಳುಹಿಸಬಹುದಿತ್ತು. ಅಷ್ಟೇಕೆ, ಕಾಲವನ್ನು ಅಳೆಯಲು ಸಹ ಅಂದಿನ ತಂತ್ರಾಂಶಗಳು ಇಷ್ಟು ಹೊತ್ತಿನಲ್ಲಿ ಒಂದು ಸುತ್ತನ್ನು ಎಷ್ಟು ಬಾರಿ ಸುತ್ತಬಹುದೆಂದು ಎಣಿಸಿ ಸಂಸ್ಕಾರಕದ ವೇಗವನ್ನು ಊಹಿಸುತ್ತಿದ್ದವು. ಟರ್ಬೊ ಪ್ಯಾಸ್ಕಲ್ ಎಂಬ ಭಾಷೆಯಲ್ಲಿ ರಚಿಸಿದ ಅನೇಕ ತಂತ್ರಾಂಶಗಳು, ಸುಮಾರು 200 ಮೆಗಾಹರ್ಟ್ಸ್ ವೇಗವನ್ನು ಮೀರಿದ ಸಂಸ್ಕಾರಕಗಳು ಬಂದೊಡನೆ, ಆ ಎಣಿಕೆಯ ಫಲ ತಮಗೆ ಮೀಸಲಾದ ಸ್ಥಳದಲ್ಲಿ ಹಿಡಿಸದೆ, ‘ರನ್‌ಟೈಮ್ ಎರರ್ 200’ ಎಂದು ಸಾರಿ ಪ್ರಾರಂಭದಲ್ಲೇ ನಿಂತುಬಿಡುತ್ತಿದ್ದುವು. ತಂತ್ರಾಂಶದಲ್ಲಿ ಹೊಸದಾಗಿ ಏನೂ ಕೆಟ್ಟಿರಲಿಲ್ಲ. ಅದು ಹುಟ್ಟಿದಾಗ ಇದ್ದ ಲೋಕ ನಿಧಾನವಾಗಿತ್ತು, ಅಷ್ಟೆ.

ಆ ಡಾಸ್ ಯುಗದಲ್ಲಿ ಕನ್ನಡ ಗಣಕವನ್ನು ಪ್ರವೇಶಿಸಿದ್ದು ಎರಡು ಹಾದಿಗಳಿಂದ. ಕಾನ್ಪುರದ ಐ.ಐ.ಟಿ.ಯಲ್ಲಿ ಆರಂಭವಾಗಿ, 1988ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನ ಒಂದು ಹಾದಿ. ಗಣಕದ ಮೂಲಫಲಕದಲ್ಲಿ ಒಂದು ಕಾರ್ಡನ್ನು ಸಿಕ್ಕಿಸಿದರೆ, ಇಂಗ್ಲಿಷಿಗೆಂದೇ ರಚಿತವಾದ ಡಾಸ್ ತಂತ್ರಾಂಶಗಳಲ್ಲಿಯೂ ಭಾರತೀಯ ಲಿಪಿಗಳು ಮೂಡುತ್ತಿದ್ದುವು. ಅದರ ವಿಶೇಷವೇನೆಂದರೆ, ಕಡತದಲ್ಲಿ ಸಂಗ್ರಹವಾಗುತ್ತಿದ್ದುದು ಅಕ್ಷರದ ಆಕಾರವಲ್ಲ, ಧ್ವನಿ. ಕಕಾರಕ್ಕೆ ಒಂದು ಸಂಕೇತ, ಇಕಾರಕ್ಕೆ ಒಂದು, ಅರ್ಧಾಕ್ಷರದ ಸೂಚನೆಗೆ ಒಂದು. ಅವು ಕೂಡಿ ಹೇಗೆ ಕಾಣಬೇಕೆಂಬುದನ್ನು ಕಾರ್ಡು ನಿರ್ಣಯಿಸುತ್ತಿತ್ತು. ಇಸ್ಕಿ ಎಂಬ ಈ ಸಂಕೇತ ಪದ್ಧತಿ 1991ರಲ್ಲಿ ಐಎಸ್ 13194 ಎಂಬ ಸಂಖ್ಯೆಯಿಂದ ಭಾರತೀಯ ಮಾನಕವಾಯಿತು. ಅದೇ ವರ್ಷ ಹೊರಬಂದ, ಲೋಕದ ಲಿಪಿಗಳಿಗೆಲ್ಲ ಸಮಾನ ಸಂಕೇತಗಳನ್ನು ಗೊತ್ತುಪಡಿಸುವ ಯುನಿಕೋಡಿನ ಮೊದಲ ಆವೃತ್ತಿ ಕನ್ನಡಕ್ಕೆ ಕೊಟ್ಟ 128 ಸ್ಥಾನಗಳ ವಿನ್ಯಾಸಕ್ಕೂ ಇಸ್ಕಿಯ 1988ರ ರೂಪವೇ ತಳಹದಿ. ಇನ್ನೊಂದು ಹಾದಿಯನ್ನು ತೆರೆದವರು ಕಿನ್ನಿಕಂಬಳ ಪದ್ಮನಾಭ ರಾಯರು, ಜನ ಕೆ.ಪಿ. ರಾವ್ ಎಂದು ಬಲ್ಲವರು. ಸಿಂಧೂ ಲಿಪಿಯ ಅಧ್ಯಯನದಲ್ಲಿಯೂ ಅಚ್ಚಿನ ಅಕ್ಷರಗಳ ವಿದ್ಯೆಯಲ್ಲಿಯೂ ಪರಿಶ್ರಮವಿದ್ದ ಅವರು, ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಗೌರವಾರ್ಥ ‘ಸೇಡಿಯಾಪು’ ಎಂದೇ ಹೆಸರಿಟ್ಟ ತಂತ್ರಾಂಶವನ್ನು ರಚಿಸಿ, ಇಂಗ್ಲಿಷಿನ ಕೀಲಿಮಣೆಯ ಇಪ್ಪತ್ತಾರು ಕೀಲಿಗಳಲ್ಲಿಯೇ ಕನ್ನಡದ ಧ್ವನಿಗಳನ್ನು ಸಹಜವಾಗಿ ಹಂಚಿದರು. ಒತ್ತಕ್ಷರಕ್ಕೆ ನಡುವೆ ಎಫ್ ಕೀಲಿಯನ್ನು ಒತ್ತಿದರಾಯಿತು. ಮಹಾಪ್ರಾಣಕ್ಕೆ ಶಿಫ್ಟ್ ಹಿಡಿದರಾಯಿತು.

ಆ ಕಾರ್ಡುಗಳನ್ನು ಸಿಕ್ಕಿಸುವ ತೂತುಗಳೇ ಮುಂದೆ ಗಣಕಗಳಿಂದ ಮಾಯವಾದವು. ಹಾಗಿದ್ದೂ ಇಸ್ಕಿಯಲ್ಲಿ ಉಳಿದ ಬರಹವನ್ನು ಇಂದು ಓದುವುದು ಅಷ್ಟೇನೂ ಕಷ್ಟವಲ್ಲ. ಧ್ವನಿಗೆ ಧ್ವನಿಯನ್ನು ಹೊಂದಿಸಿದರೆ ಸಾಕು. ತೊಡಕಾದದ್ದು ಆಮೇಲೆ.

ವಿಂಡೋಸ್ 3.1 ಮತ್ತು 95ರ ದಿನಗಳಲ್ಲಿ ಪೇಜ್‌ಮೇಕರ್ ನಮ್ಮ ಮುದ್ರಣಾಲಯಗಳನ್ನು ಹೊಕ್ಕಿತು. ಆಲ್ಡಸ್ ಎಂಬ ಸಂಸ್ಥೆ 1985ರಲ್ಲಿ ರಚಿಸಿ, 1994ರಲ್ಲಿ ಅಡೋಬಿಯ ಕೈಸೇರಿದ ಈ ಪುಟವಿನ್ಯಾಸದ ತಂತ್ರಾಂಶಕ್ಕೆ ಕನ್ನಡವೆಂಬುದೊಂದಿದೆಯೆಂದು ಗೊತ್ತಿರಲಿಲ್ಲ. ಅದಕ್ಕೆ ಗೊತ್ತಿದ್ದುದು 256 ಸ್ಥಾನಗಳ ಒಂದು ಅಕ್ಷರಪಟ್ಟಿ ಮಾತ್ರ. ಆದುದರಿಂದ ಕನ್ನಡದ ಫಾಂಟುಗಳನ್ನು ರಚಿಸಿದವರು ಹಳೆಯ ಮೊಳೆಗಳ ಯುಕ್ತಿಯನ್ನೇ ಮತ್ತೆ ಹಿಡಿದರು. ಸೀಸದ ಮೊಳೆಗಳ ಕೇಸಿನಲ್ಲಿ ತಲಕಟ್ಟಿಲ್ಲದ ಅಕ್ಷರ, ತಲಕಟ್ಟು, ಗುಡಿಸು, ಕೊಂಬು, ದೀರ್ಘ, ಒತ್ತು, ಅರ್ಕಾವತ್ತು ಇವಕ್ಕೆಲ್ಲ ಬೇರೆ ಬೇರೆ ಗೂಡುಗಳಿದ್ದು, ಜೋಡಣೆಗಾರ ಅವನ್ನು ಒಂದರ ಪಕ್ಕ ಒಂದಿಟ್ಟು ಅಕ್ಷರವನ್ನು ಕಟ್ಟುತ್ತಿದ್ದನಷ್ಟೆ. ಅದೇ ರೀತಿ ಇಂಗ್ಲಿಷಿನ ಅಕ್ಷರಗಳಿಗೆಂದು ನಿಯತವಾಗಿದ್ದ ಸ್ಥಾನಗಳಲ್ಲಿ ಕನ್ನಡದ ಈ ತುಣುಕುಗಳನ್ನು ತುಂಬಿದರು. ಪೇಜ್‌ಮೇಕರಿನ ಲೆಕ್ಕದಲ್ಲಿ ಅದು ಇಂಗ್ಲಿಷೇ. ಫಾಂಟಿನ ಕೃಪೆಯಿಂದ ಕಣ್ಣಿಗೆ ಕನ್ನಡ. ಮೊಳೆಯ ಕಾಲದಲ್ಲಿ ಇದರಿಂದ ಹಾನಿಯೇನೂ ಇರಲಿಲ್ಲ. ಅಚ್ಚಾದ ಕಾಗದದಲ್ಲಿ ಅಕ್ಷರ ನಿಂತಿತು, ಮೊಳೆಗಳು ಮರಳಿ ಗೂಡು ಸೇರಿದವು. ಗಣಕದಲ್ಲಾದರೋ ಕಡತದೊಳಗೆ ಶಾಶ್ವತವಾಗಿ ಉಳಿದದ್ದು ಗೂಡಿನ ಸಂಖ್ಯೆ. ಯಾವ ಗೂಡಿನಲ್ಲಿ ಯಾವ ಮೊಳೆಯಿತ್ತೆಂಬುದು ಫಾಂಟನ್ನು ತಯಾರಿಸಿದವರ ಸೊತ್ತು. ಶ್ರೀಲಿಪಿಯ ಕೇಸಿನ ಕ್ರಮ ಒಂದು, ಆಕೃತಿಯದು ಮತ್ತೊಂದು, ಪ್ರಕಾಶಕ್ ತಂತ್ರಾಂಶದ್ದು ಮಗುದೊಂದು. ಒಬ್ಬರಲ್ಲಿ ಟಂಕಿಸಿದುದನ್ನು ಇನ್ನೊಬ್ಬರ ಫಾಂಟಿನಲ್ಲಿ ತೆರೆದರೆ ಕನ್ನಡದ ಚೂರುಗಳೇ ಕಂಡರೂ ಕನ್ನಡ ಕಾಣುತ್ತಿರಲಿಲ್ಲ.

ಈ ಗೊಂದಲವನ್ನು ಕಂಡು ನೊಂದವರು ಆ ಕಾಲದಲ್ಲಿಯೇ ಇದ್ದರು. ಅಮೆರಿಕೆಯಲ್ಲಿದ್ದ ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ‘ಬರಹ’ವನ್ನು ಬಿಡುಗಡೆ ಮಾಡಿದರು, ಫಾಂಟಿಗೆ ದುಡ್ಡು ತೆರಲಾರದ ಸಾವಿರಾರು ಮನೆಗಳಲ್ಲಿ ಕನ್ನಡದ ಟಂಕನ ಆರಂಭವಾದದ್ದು ಅದರಿಂದ. ಕನ್ನಡ ಗಣಕ ಪರಿಷತ್ತು ಸರ್ಕಾರದ ಬೆಂಬಲದೊಡನೆ, ಕೆ.ಪಿ. ರಾಯರ ಕೀಲಿಮಣೆಯ ವಿನ್ಯಾಸವನ್ನು ಅಂಗೀಕರಿಸಿ, ಗೂಡುಗಳಿಗೆ ಒಂದು ಸಮಾನ ಕ್ರಮವನ್ನು ಗೊತ್ತುಪಡಿಸಿ, ‘ನುಡಿ’ಯನ್ನು ಹೊರತಂದಿತು, ಅದು ಸರ್ಕಾರಿ ಕಚೇರಿಗಳ ಮೇಜುಮೇಜಿಗೂ ತಲುಪಿತು. ಅದೂ ಆರಂಭದಲ್ಲಿ ಆಕಾರಗಳ ಪದ್ಧತಿಯೇ. ನುಡಿಯಲ್ಲಿ ‘ಕನ್ನಡ’ ಎಂಬ ಮೂರಕ್ಷರವನ್ನು ಬರೆದು ಫಾಂಟನ್ನು ಕಳಚಿದರೆ ಉಳಿಯುವುದು ಏಳು ಚಿಹ್ನೆಗಳು: ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನರು ಎರಡು ಎಸ್‌ಗಳಿಗೆ ಬದಲಾಗಿ ಬರೆಯುವ ಒಂದಕ್ಷರ, ಚಿಕ್ಕ ಕ್ಯೂ, ಕೊನೆಗೊಮ್ಮೆ ಅದೇ ಎ. ಆ ಎ ಎಂಬುದೇ ತಲಕಟ್ಟು. ಜರ್ಮನರ ಅಕ್ಷರವೇ ನಕಾರದ ಒತ್ತು. ಡಿಟಿಪಿ ಕೆಲಸದಲ್ಲಿ ಹತ್ತು ವರ್ಷ ಕಳೆದವರನೇಕರು ಈ ಚಿಹ್ನೆಗಳನ್ನು ಫಾಂಟಿಲ್ಲದೆಯೇ ನೇರವಾಗಿ ಓದಬಲ್ಲವರಾಗಿದ್ದರು. ಹಾಗೆ ಸರಾಗವಾಗಿ ಓದಿದವರೊಬ್ಬರನ್ನು ನಾನೇ ಕಂಡಿದ್ದೇನೆ, ಮತ್ತು ಅದನ್ನೊಂದು ವಿದ್ಯೆಯೆಂದೇ ಗೌರವಿಸುತ್ತೇನೆ.

ಬೆಲೆಬಾಳುವ ತಂತ್ರಾಂಶಗಳಿಗೆ ಒಂದು ಬೀಗವೂ ಇರುತ್ತಿತ್ತು. ಬೆಂಕಿಪೊಟ್ಟಣದಷ್ಟು ದೊಡ್ಡದಾದ, ಎಲ್ಲರೂ ‘ಲಾಕು’ ಎಂದು ಕರೆಯುತ್ತಿದ್ದ ಒಂದು ಪುಟ್ಟ ಸಾಧನವನ್ನು ಗಣಕದ ಬೆನ್ನಿನ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸಬೇಕು. ಅದಿದ್ದರೆ ತಂತ್ರಾಂಶ ನಡೆಯುವುದು, ಇಲ್ಲವಾದರೆ ಇಲ್ಲ. ಡಾಸ್‌ನಲ್ಲಿಯೂ ವಿಂಡೋಸ್ 95ರಲ್ಲಿಯೂ ತಂತ್ರಾಂಶ ಆ ದ್ವಾರವನ್ನು ತಾನೇ ಮುಟ್ಟಿ ನೋಡಬಹುದಿತ್ತು. ವಿಂಡೋಸ್ ಎನ್‌ಟಿ ಮತ್ತು ಅದರ ವಂಶದಲ್ಲಿ ಹುಟ್ಟಿದ ಎಕ್ಸ್‌ಪಿಯಲ್ಲಿ ನೀರುಗಂಟಿ ಬಿಗಿಯಾದನು. ದ್ವಾರವನ್ನು ಮುಟ್ಟಲು ಚಾಲಕವೆಂಬ ಮಧ್ಯಸ್ಥ ಬೇಕಾಯಿತು. 64 ಬಿಟ್ಟಿನ ವ್ಯವಸ್ಥೆಗಳು ಬಂದಾಗ ಹಳೆಯ 32 ಬಿಟ್ಟಿನ ಚಾಲಕಗಳು ಒಳಗೇ ಸೇರದಾದವು. ಆಮೇಲೆ ಗಣಕಗಳಲ್ಲಿ ಪ್ರಿಂಟರ್ ಪೋರ್ಟೇ ಇಲ್ಲವಾಯಿತು. ಯುಎಸ್‌ಬಿಗೆ ಜೋಡಿಸುವ ಪರಿವರ್ತಕವನ್ನು ತಂದರೂ, ತಂತ್ರಾಂಶ ಲಾಕನ್ನು ಹುಡುಕುವ ಹಳೆಯ ವಿಳಾಸ ಅಲ್ಲಿಲ್ಲವಾದ್ದರಿಂದ, ಫಲ ಸಿಗಲಿಲ್ಲ. ಹಣ ಕೊಟ್ಟು ಕೊಂಡವರೇ ತಮ್ಮ ತಂತ್ರಾಂಶದ ಹೊರಗೆ ನಿಲ್ಲುವಂತಾದ ಈ ಸಂಗತಿ ನನಗೆ ಅನ್ಯಾಯವೆಂದೇ ತೋರುತ್ತದೆ.

ಹಾಗೆಂದು ಹೊಸ ವ್ಯವಸ್ಥೆಗಳನ್ನು ಕಟ್ಟಿದವರು ಹಳೆಯದರ ವಿಷಯದಲ್ಲಿ ನಿರ್ದಯರಾಗಿದ್ದರೆಂದು ಭಾವಿಸುವುದು ಸರಿಯಲ್ಲ. ಮೈಕ್ರೋಸಾಫ್ಟಿನಲ್ಲಿ ದೀರ್ಘಕಾಲ ದುಡಿದ ರೇಮಂಡ್ ಚೆನ್ ಬರೆದಿಟ್ಟಿರುವ ನೆನಪುಗಳಲ್ಲಿ, ವಿಂಡೋಸ್ 95ರ ನಿರ್ಮಾಣಕಾಲದ ಒಂದು ಪ್ರಸಂಗ ಬರುತ್ತದೆ. ಆ ಕೆಲಸದ ಮೇಲ್ವಿಚಾರಕರೊಬ್ಬರು ತಂತ್ರಾಂಶಗಳ ಅಂಗಡಿಯೊಂದಕ್ಕೆ ಹೋಗಿ, ಅಲ್ಲಿದ್ದ ಪ್ರತಿಯೊಂದರದೂ ಒಂದೊಂದು ಪ್ರತಿಯನ್ನು ಕೊಂಡು, ತಮ್ಮ ಟ್ರಕ್ಕಿನಲ್ಲಿ ತುಂಬಿಕೊಂಡು ಬಂದು, ಊಟದ ಮನೆಯ ಮೇಜುಗಳ ಮೇಲೆ ಹರಡಿದರು. ತಂಡದವರು ಒಬ್ಬೊಬ್ಬರೂ ಎರಡರವರೆಗೆ ತೆಗೆದುಕೊಂಡು, ಅವು ಹೊಸ ವ್ಯವಸ್ಥೆಯಲ್ಲಿ ಸರಿಯಾಗಿ ನಡೆಯುವುದನ್ನು ಪರೀಕ್ಷಿಸಬೇಕಾಗಿತ್ತು. ವ್ಯವಸ್ಥೆಯ ಆವೃತ್ತಿಯ ಸಂಖ್ಯೆಯನ್ನು ತಪ್ಪಾಗಿ ಹೋಲಿಸುತ್ತಿದ್ದ ಹಳೆಯ ತಂತ್ರಾಂಶಗಳು ಗಾಬರಿಗೊಳ್ಳದಿರಲೆಂದು, 16 ಬಿಟ್ಟಿನ ತಂತ್ರಾಂಶ ಕೇಳಿದಾಗ ವಿಂಡೋಸ್ 95 ತನ್ನ ಆವೃತ್ತಿ 3.95 ಎಂದು ಉತ್ತರಿಸುತ್ತಿತ್ತು. ಸಿಮ್‌ಸಿಟಿ ಎಂಬ ಆಟದ ಕಥೆ ಇದಕ್ಕಿಂತಲೂ ಸ್ವಾರಸ್ಯವಾದುದು. ಅದು ತಾನು ಬಳಸಿ ಬಿಟ್ಟುಕೊಟ್ಟ ಸ್ಮೃತಿಯನ್ನು ಬಿಟ್ಟಮೇಲೆಯೂ ಓದುತ್ತಿತ್ತು. ಡಾಸ್‌ನಲ್ಲಿ ಆ ಜಾಗಕ್ಕೆ ಬೇರೆ ಯಾರೂ ಬರದಿದ್ದುದರಿಂದ ತಪ್ಪು ಬಯಲಾಗಿರಲಿಲ್ಲ. ಹೊಸ ವ್ಯವಸ್ಥೆಯಲ್ಲಿ ಆಟ ಕುಸಿಯುತ್ತಿತ್ತು. ವಿಂಡೋಸಿನ ರಚನಕಾರರು ಆಟವನ್ನು ದೂಷಿಸದೆ, ಸಿಮ್‌ಸಿಟಿ ನಡೆಯುತ್ತಿರುವುದನ್ನು ಗುರುತಿಸಿ, ಅದಕ್ಕೆಂದೇ ಬಿಟ್ಟ ಸ್ಮೃತಿಯನ್ನು ಒಡನೆಯೇ ಕಸಿದುಕೊಳ್ಳದ ವಿಶೇಷ ನಡವಳಿಕೆಯನ್ನು ತಮ್ಮ ವ್ಯವಸ್ಥೆಯಲ್ಲಿ ಅಳವಡಿಸಿದರು. ಅನ್ಯರ ತಪ್ಪನ್ನು ತಾನು ಹೊತ್ತುಕೊಂಡು ಬಳಸುವವನನ್ನು ಕಾಪಾಡುವ ಈ ಔದಾರ್ಯವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಆ ಅಂಗಡಿ ಇದ್ದದ್ದು ಅಮೆರಿಕೆಯಲ್ಲಿ. ಬೆಂಗಳೂರು, ಪುಣೆಗಳ ಸಣ್ಣ ಕೋಣೆಗಳಲ್ಲಿ ಹುಟ್ಟಿದ ಲಿಪಿ ತಂತ್ರಾಂಶಗಳು ಅಂಥ ಮೇಜಿನ ಮೇಲೆ ಬರುವುದು ಹೇಗೆ?

ಮುರಿತ ಬಂದದ್ದು ಎರಡು ಹೆಜ್ಜೆಗಳಲ್ಲಿ. 2007ರ ವಿಂಡೋಸ್ ವಿಸ್ಟಾ ಅಧಿಕಾರದ ಕಟ್ಟಳೆಗಳನ್ನು ಬಿಗಿಗೊಳಿಸಿತು. 2009ರ ವಿಂಡೋಸ್ 7ರ ಬಳಿಕ 64 ಬಿಟ್ಟಿನ ಗಣಕಗಳು ಸಾಮಾನ್ಯವಾದವು. 64 ಬಿಟ್ಟಿನ ವಿಂಡೋಸಿನಲ್ಲಿ 16 ಬಿಟ್ಟಿನ ತಂತ್ರಾಂಶಗಳಿಗೆ ಆಶ್ರಯವೇ ಇಲ್ಲ. ಇದರಲ್ಲಿ ವಿಷಾದಕರವಾದ ಸಂಗತಿಯೊಂದುಂಟು: ಎಷ್ಟೋ ತಂತ್ರಾಂಶಗಳು ತಾವು 32 ಬಿಟ್ಟಿನವಾಗಿದ್ದು ಹೊಸ ಗಣಕದಲ್ಲಿ ನಡೆಯಬಲ್ಲವಾಗಿದ್ದರೂ, ಅವನ್ನು ಗಣಕದಲ್ಲಿ ನೆಲೆಗೊಳಿಸುವ ‘ಸೆಟಪ್’ ಮಾತ್ರ 16 ಬಿಟ್ಟಿನದಾಗಿತ್ತು. ಮನೆಯೊಳಗೆ ಬಾಳಬಲ್ಲವನು ಹೊಸ್ತಿಲು ದಾಟಲಾರದೆ ಹೊರಗುಳಿದಂತಾಯಿತು. ನಾನು ಹುಡುಕಿ ತಂದ ಅಕ್ಷರ ತಂತ್ರಾಂಶದ್ದೂ ಅದೇ ಗತಿ. 2021ರ ವಿಂಡೋಸ್ 11ರಲ್ಲಿ 32 ಬಿಟ್ಟಿನ ರೂಪವೇ ಇಲ್ಲವಾಯಿತು.

ಇಲ್ಲಿಂದ ಮುಂದಿನದು ನಮ್ಮ ಡಿಟಿಪಿ ಅಂಗಡಿಗಳ ಕಥೆ. ಪುಸ್ತಕದಲ್ಲಿ ಓದಿ ಕಲಿತವರಲ್ಲ ಅವರು. ಒಬ್ಬರ ಅಂಗಡಿಯಲ್ಲಿ ಫಲಿಸಿದ ಉಪಾಯ ಸಂಜೆಯೊಳಗೆ ಬೀದಿಯ ಎಲ್ಲ ಅಂಗಡಿಗಳಿಗೂ ಫೋನಿನ ಮೂಲಕ ಹಬ್ಬುತ್ತಿತ್ತು. ತಂತ್ರಾಂಶದ ಚಿತ್ರದ ಮೇಲೆ ಬಲಗುಂಡಿ ಒತ್ತಿ ‘ಕಂಪ್ಯಾಟಿಬಿಲಿಟಿ’ ಎಂಬಲ್ಲಿ ಎಕ್ಸ್‌ಪಿಯನ್ನು ಆರಿಸುವುದು ಮೊದಲ ಪ್ರಯೋಗ. ಆಗ ಹೊಸ ವ್ಯವಸ್ಥೆ ಹಳೆಯದರ ವೇಷ ಧರಿಸಿ ತಂತ್ರಾಂಶಕ್ಕೆ ಉತ್ತರ ಕೊಡುತ್ತದೆ. ಅದು ಸಾಲದಾದರೆ ‘ರನ್ ಆಸ್ ಅಡ್ಮಿನಿಸ್ಟ್ರೇಟರ್’. ಏಕೆಂದರೆ ಹಳೆಯ ತಂತ್ರಾಂಶಗಳಿಗೆ ತಮ್ಮ ಕಡತಗಳನ್ನು ತಾವಿರುವ ‘ಪ್ರೋಗ್ರಾಂ ಫೈಲ್ಸ್’ ಮನೆಯಲ್ಲೇ ಬರೆದಿಡುವ ಅಭ್ಯಾಸ. ವಿಸ್ಟಾದಿಂದ ಮುಂದೆ ಅದು ನಿಷಿದ್ಧವಾಗಿ, ಬರೆದದ್ದನ್ನು ವ್ಯವಸ್ಥೆ ಸದ್ದಿಲ್ಲದೆ ಪ್ರತಿಯೊಬ್ಬ ಬಳಕೆದಾರನ ಬೇರೊಂದು ಮೂಲೆಗೆ ಸಾಗಿಸುತ್ತಿತ್ತು. ನಿನ್ನೆ ಒಬ್ಬರು ಸೇರಿಸಿದ ಪದಪಟ್ಟಿ ಇವತ್ತು ಇನ್ನೊಬ್ಬರ ಹೆಸರಿನಲ್ಲಿ ಪ್ರವೇಶಿಸಿದಾಗ ಕಾಣಿಸದಿರುವುದಕ್ಕೆ ಇದೇ ಕಾರಣ. ಅನುಭವಿಗಳು ಇದನ್ನು ತಿಳಿದು, ಹಳೆಯ ತಂತ್ರಾಂಶಗಳನ್ನು ಪ್ರೋಗ್ರಾಂ ಫೈಲ್ಸಿನ ಹೊರಗೆ, ಸಿ ಡ್ರೈವಿನಲ್ಲಿಯೇ ಒಂದು ಪ್ರತ್ಯೇಕ ಫೋಲ್ಡರಿನಲ್ಲಿ ನೆಲೆಗೊಳಿಸತೊಡಗಿದರು.

ಆದರೆ ಒಂದು ರೋಗದ ಮದ್ದು ಮತ್ತೊಂದು ರೋಗವನ್ನು ತಂದಿತು. ಕನ್ನಡದ ಕೀಲಿಮಣೆ ತಂತ್ರಾಂಶಗಳ ಕೆಲಸವೆಂದರೆ, ಬೆರಳು ಒತ್ತಿದ ಕೀಲಿ ಪುಟವನ್ನು ಸೇರುವ ಮೊದಲೇ ಅದನ್ನು ನಡುದಾರಿಯಲ್ಲಿ ತಡೆದು, ಅದರ ಬದಲಿಗೆ ಫಾಂಟಿನ ತುಣುಕುಗಳ ಸಂಕೇತವನ್ನು ಕಳುಹಿಸುವುದು. ವಿಸ್ಟಾ ತಂದ ಕಟ್ಟಳೆಯಂತೆ, ಕೆಳಗಿನ ಅಧಿಕಾರದಲ್ಲಿ ನಡೆಯುವ ತಂತ್ರಾಂಶ ಮೇಲಿನ ಅಧಿಕಾರದಲ್ಲಿ ನಡೆಯುವುದಕ್ಕೆ ಇಂಥ ಸಂಕೇತಗಳನ್ನು ಕಳುಹಿಸುವಂತಿಲ್ಲ. ಪೇಜ್‌ಮೇಕರನ್ನು ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ತೆರೆದೊಡನೆ ಅದು ಸುಲಲಿತವಾಗಿ ತೆರೆಯಿತು. ಆದರೆ ಕನ್ನಡ ಬಾರದೆ ಇಂಗ್ಲಿಷ್ ಅಕ್ಷರಗಳೇ ಬೀಳತೊಡಗಿದವು. ಫಾಂಟು ಕೆಟ್ಟಿತೆಂದು ಹಲವರು ಫಾಂಟನ್ನು ಮತ್ತೆ ಮತ್ತೆ ಹಾಕಿದರು. ಕೀಲಿಮಣೆ ಕೆಟ್ಟಿತೆಂದು ಹೊಸದನ್ನು ಕೊಂಡವರೂ ಇದ್ದರು. ಎರಡನ್ನೂ ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿಯೇ ತೆರೆಯಬೇಕು ಎಂಬ ಸಣ್ಣ ಸೂತ್ರವನ್ನು ಮೊದಲು ಕಂಡುಕೊಂಡವರು ಯಾರೋ, ಅವರ ಹೆಸರು ಎಲ್ಲಿಯೂ ದಾಖಲಾಗಿಲ್ಲ. 32 ಬಿಟ್ಟಿನ ಕೀಲಿಮಣೆ ತಂತ್ರಾಂಶ 64 ಬಿಟ್ಟಿನ ತಂತ್ರಾಂಶದೊಳಗೆ ಕೈಚಾಚಲಾರದು ಎಂಬುದೂ ಹಾಗೆಯೇ ಅನುಭವದಿಂದ ತಿಳಿದುಬಂತು. ಪೇಜ್‌ಮೇಕರಿನಲ್ಲಿ ಮೂಡಿದ ಕನ್ನಡ ಪಕ್ಕದ ಹೊಸ ತಂತ್ರಾಂಶದಲ್ಲಿ ಮೂಡದಿದ್ದುದಕ್ಕೆ ಅದು ಒಂದು ಕಾರಣ.

ಇಷ್ಟೆಲ್ಲ ಕಷ್ಟಪಡುವುದಕ್ಕಿಂತ ಯುನಿಕೋಡಿಗೆ ಹೋಗಬಾರದಿತ್ತೆ ಎಂದು ಕೇಳುವವರುಂಟು. ಕೇಳುವುದು ಸುಲಭ. ವಿಂಡೋಸ್ ಎಕ್ಸ್‌ಪಿಯೊಡನೆ 2001ರಲ್ಲಿಯೇ ತುಂಗಾ ಎಂಬ ಕನ್ನಡ ಫಾಂಟು ಬಂದಿತ್ತು, ನಿಜ. ಪತ್ರ ಬರೆಯಲು ಅದು ಸಾಕಾಗಿತ್ತು. ಪುಸ್ತಕ ಕಟ್ಟುವವನಿಗೆ ಪುಟವಿನ್ಯಾಸದ ತಂತ್ರಾಂಶ ಬೇಕು. ಪೇಜ್‌ಮೇಕರಿನ ಕೊನೆಯ ಆವೃತ್ತಿಯಾದ 7.0 ಬಂದದ್ದು ಅದೇ 2001ರಲ್ಲಿ. ಅದು ಯುನಿಕೋಡಿನ ಕನ್ನಡವನ್ನು ಜೋಡಿಸಲಾರದು. ಅದರ ಉತ್ತರಾಧಿಕಾರಿಯಾದ ಇನ್‌ಡಿಸೈನ್, ಕನ್ನಡದ ಒತ್ತಕ್ಷರ ಗುಣಿತಾಕ್ಷರಗಳನ್ನು ಸ್ವತಃ ಸರಿಯಾಗಿ ಕೂಡಿಸಲು ಕಲಿತದ್ದು 2012ರ ಸಿಎಸ್6 ಆವೃತ್ತಿಯಲ್ಲಿ. ನಡುವಣ ಹನ್ನೊಂದು ವರ್ಷ ಕನ್ನಡದ ಪುಸ್ತಕಗಳು ನಿಲ್ಲಬೇಕಾಗಿತ್ತೆ? ನಿಲ್ಲಲಿಲ್ಲ, ಹಳೆಯ ಉಪಕರಣವನ್ನು ಹೊಸ ಗಣಕದಲ್ಲಿ ಹೇಗೋ ಎಬ್ಬಿಸಿ ನಡೆಸಿದ ಆ ಕೆಲಸಗಾರರಿಂದ ನಿಲ್ಲಲಿಲ್ಲ. ಮುದ್ರಕರು ಹಿಂದುಳಿದವರೆಂಬ ಮಾತನ್ನು ನಾನು ಅನೇಕ ಸಭೆಗಳಲ್ಲಿ ಕೇಳಿದ್ದೇನೆ. ಆ ಮಾತು ಸತ್ಯಕ್ಕೆ ದೂರವಾದುದು.

ಇಷ್ಟರಲ್ಲಿ ಒಂದು ಸಂತೋಷದ ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಡಾಸ್ ಹೋಯಿತು, ಕಾರ್ಡು ಹೋಯಿತು, ಲಾಕು ಹೋಯಿತು, ಆದರೆ ಕೆ.ಪಿ. ರಾಯರ ಕೀಲಿಮಣೆಯ ಕ್ರಮ ಹೋಗಲಿಲ್ಲ. ಲಿನಕ್ಸ್ ವ್ಯವಸ್ಥೆಗಳಲ್ಲಿ ಇಂದಿಗೂ ಕನ್ನಡದ ಕೀಲಿಮಣೆಯನ್ನು ಆರಿಸಲು ಹೋದರೆ ‘ಕಗಪ’ ಎಂಬ ಹೆಸರು ಕಾಣುವುದು. ಅದು ಕನ್ನಡ ಗಣಕ ಪರಿಷತ್ತಿನ ಸಂಕ್ಷಿಪ್ತ ನಾಮ. ತಂತ್ರಾಂಶಕ್ಕೆ ಅಂಟಿಕೊಳ್ಳದೆ ಬೆರಳುಗಳಿಗೆ ಅಂಟಿಕೊಂಡದ್ದರಿಂದ ಆ ವಿನ್ಯಾಸ ಎಲ್ಲ ವ್ಯವಸ್ಥೆಗಳನ್ನೂ ದಾಟಿಬಂತು.

ನನ್ನ ಸಿ.ಡಿ.ಯ ವಿಷಯಕ್ಕೆ ಮರಳುತ್ತೇನೆ. ಮುದ್ರಣಾಲಯದ ಹಿರಿಯ ಕೆಲಸಗಾರರು ಅದನ್ನು ಬೆಳಕಿಗೆ ಹಿಡಿದು ಗೀರುಗಳನ್ನು ನೋಡಿ, “ಫೈಲ್ ಕೆಟ್ಟಿಲ್ಲ ಸಾರ್, ಫಾಂಟ್ ಇಲ್ಲ ಅಷ್ಟೆ” ಎಂದರು. ಐದನೆಯ ಗಣಕದ ಬಟ್ಟೆ ಸರಿಸಿ, ಹಣದ ಪೆಟ್ಟಿಗೆಯಿಂದ ಒಂದು ಲಾಕನ್ನು ತೆಗೆದು ಅದರ ಬೆನ್ನಿಗೆ ಸಿಕ್ಕಿಸಿ, ಕಡತವನ್ನು ತೆರೆದಾಗ, ಇಪ್ಪತ್ತು ವರ್ಷಗಳಿಗೂ ಹಿಂದಿನ ಆ ಪುಟ, ಶೀರ್ಷಿಕೆಯ ಕೆಳಗಿನ ಬಳ್ಳಿಯ ಅಲಂಕಾರವೂ ಸೇರಿ, ಇದ್ದುದು ಇದ್ದಂತೆಯೇ ಪರದೆಯ ಮೇಲೆ ಎದ್ದುನಿಂತಿತು. ಆ ಗಣಕ ಎಷ್ಟು ದಿನ ಬದುಕೀತೆಂಬ ಚಿಂತೆಯಿಂದ, ಅದರಲ್ಲಿರುವ ವ್ಯವಸ್ಥೆಯನ್ನೇ ಸಂಪೂರ್ಣವಾಗಿ ಹೊಸ ಗಣಕದೊಳಗೆ ಒಂದು ಮಿಥ್ಯಾಗಣಕವಾಗಿ ಇರಿಸಲು ಅವರು ಪ್ರಯತ್ನಿಸಿದ್ದರಂತೆ. ವರ್ಚುವಲ್‌ಬಾಕ್ಸ್‌ನಂತಹ ತಂತ್ರಾಂಶಗಳಿಂದ ಅದು ಸಾಧ್ಯ. ಎಕ್ಸ್‌ಪಿ ಎದ್ದಿತು, ಪೇಜ್‌ಮೇಕರೂ ಎದ್ದಿತು. ಲಾಕಿಗೆ ಮಾತ್ರ ದ್ವಾರ ಸಿಗಲಿಲ್ಲ. ಆದುದರಿಂದ ಪಠ್ಯವನ್ನು ಹೊರತೆಗೆದು ಯುನಿಕೋಡಿಗೆ ಪರಿವರ್ತಿಸುವುದೊಂದೇ ಉಳಿದ ಮಾರ್ಗ.

ಪರಿವರ್ತನೆ ಎಂದರೆ ಒಂದಕ್ಕೊಂದು ಬದಲಿ ಇಡುವುದಲ್ಲ. ‘ಶಕ್ತಿ’ ಎಂಬಲ್ಲಿ ಕಣ್ಣಿಗೆ ಕಾಣುವುದು ಮೊದಲು ಕಿಕಾರ, ಆಮೇಲೆ ತಕಾರದ ಒತ್ತು. ಫಾಂಟಿನ ಕಡತದಲ್ಲಿ ಅದೇ ಕ್ರಮ. ಧ್ವನಿಯ ಕ್ರಮದಲ್ಲಾದರೋ ಕಕಾರ, ತಕಾರ, ಕೊನೆಗೆ ಇಕಾರ. ‘ಸೂರ್ಯ’ದಲ್ಲಿ ಅರ್ಕಾವತ್ತು ಯಕಾರದ ಬಳಿಕ ಬರೆಯಲ್ಪಡುತ್ತದೆ; ಉಚ್ಚಾರಣೆಯಲ್ಲಿ ರೇಫೆಯೇ ಮೊದಲು. ಆದುದರಿಂದ ಪರಿವರ್ತಕ ಪ್ರತಿಯೊಂದು ಅಕ್ಷರವನ್ನೂ ಬಿಚ್ಚಿ ಮತ್ತೆ ಕಟ್ಟಬೇಕು. ನುಡಿ, ಬರಹಗಳಲ್ಲಿ ಟಂಕಿಸಿದ್ದಕ್ಕೆ ಪರಿವರ್ತಕಗಳು ಸಿದ್ಧವಾಗಿ ದೊರೆಯುತ್ತವೆ. ನಮ್ಮ ಪುಸ್ತಕದ ಫಾಂಟಿಗೆ ಅವರು ತಾವೇ ಒಂದು ಉದ್ದನೆಯ ಲೆಕ್ಕದ ಪುಸ್ತಕದಲ್ಲಿ, ಎಡಕ್ಕೆ ಗೂಡಿನ ಸಂಖ್ಯೆ, ಬಲಕ್ಕೆ ಕನ್ನಡದ ತುಣುಕು ಎಂಬಂತೆ, ವರ್ಷಗಳಿಂದ ಬರೆದಿಟ್ಟುಕೊಂಡಿದ್ದ ಪಟ್ಟಿಯೇ ಆಧಾರವಾಯಿತು.

ಹತ್ತು ದಿನಗಳ ನಂತರ ಕರಡು ನನ್ನ ಕೈಸೇರಿತು. ಓದುತ್ತ ಹೋದಂತೆ ಗುರುಗಳ ದನಿ ಕಿವಿಗೆ ಕೇಳಿಸಿತು. ಆದರೆ ಹಳಗನ್ನಡದ ಪದಗಳನ್ನು ಚರ್ಚಿಸುವ ಪ್ರಬಂಧಕ್ಕೆ ಬಂದಾಗ ಅಲ್ಲಲ್ಲಿ ಖಾಲಿ ಚೌಕಗಳು ಕಂಡವು. ಅಚ್ಚಾದ ಹಳೆಯ ಪ್ರತಿಯನ್ನು ಪಕ್ಕದಲ್ಲಿಟ್ಟು ನೋಡಿದೆವು. ಅವೆಲ್ಲ ೞಕಾರದ ಸ್ಥಾನಗಳು: ಪೊೞಲ್, ಬೞಿ, ಕೊೞಲ್. 1999ರ ಫಾಂಟಿನಲ್ಲಿ ಆ ಅಕ್ಷರವೇ ಇರಲಿಲ್ಲವಾಗಿ, ಗುರುಗಳ ಹಟಕ್ಕೆ ಮಣಿದು, ಈ ಕೆಲಸಗಾರರೇ ಅಂದು ಒಂದು ಖಾಲಿ ಗೂಡಿನಲ್ಲಿ ಅದನ್ನು ಕೈಯಿಂದ ಬಿಡಿಸಿ ಇರಿಸಿದ್ದರು. ಪಟ್ಟಿಯಲ್ಲಿ ಬರೆದುಕೊಳ್ಳಲು ಮರೆತಿದ್ದರು. ಯುನಿಕೋಡಿನಲ್ಲಿ ಆ ಅಕ್ಷರಕ್ಕೆ ಸ್ಥಾನವಿದೆ. ಆದರೆ ನಾಮಕರಣದಲ್ಲಿ ಪ್ರಮಾದವಾಗಿ ‘ಫ’ ಎಂಬರ್ಥ ಕೊಡುವ ಇಂಗ್ಲಿಷ್ ಹೆಸರು ಅದಕ್ಕೆ ಅಂಟಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿಯ ನಿಯಮ. ಆ ಹೆಸರಿನಡಿಯಲ್ಲಿ ಅದನ್ನು ಹುಡುಕಿ ತೆಗೆದು, ಚೌಕವಿದ್ದ ಒಂದೊಂದು ಕಡೆಯೂ ಇಡುತ್ತ ಬಂದೆವು. ಕೆಲಸ ಮುಗಿದಾಗ ರಾತ್ರಿ ಒಂಬತ್ತಾಗಿತ್ತು. ಅವರು ಲೆಕ್ಕದ ಪುಸ್ತಕವನ್ನು ತೆರೆದು, ಇಷ್ಟು ವರ್ಷ ಖಾಲಿಯಿದ್ದ ಸಾಲಿನಲ್ಲಿ ಗೂಡಿನ ಸಂಖ್ಯೆಯನ್ನು ಬರೆದು, ಅದರ ಎದುರಿಗೆ, ಸ್ವಲ್ಪ ದೊಡ್ಡದಾಗಿ, ೞ ಎಂದು ಬರೆದರು.